ಕ್ಯಾನ್ಸರ್ ಇಮ್ಯುನೋಥೆರಪಿಗೆ ಮಾತ್ರೆ ಮಾಡುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಲ್ಯಾಬುಗಳಲ್ಲಿ ಔಷಧ ರಸಾಯನದ ಬೆಂಚಿನ ಮುಂದೆ ಬಹಳ ವರ್ಷ ನಿಂತವಳು ನಾನು. ಈಗ ಸಿಂಥೆಸಿಸ್ ಕಡಿಮೆ, ಮಾತು ಜಾಸ್ತಿ. ಮದುವೆಮನೆಯಲ್ಲಿ ಸಿಕ್ಕ ನೆಂಟರು, ಎಂಎಸ್ಸಿ ಮಕ್ಕಳು, ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿರುವವರು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ವೈದ್ಯೆ ಅಲ್ಲ. ಯಾವ ಔಷಧ ತಗೊಳ್ಳಬೇಕು, ಯಾವುದು ಬಿಡಬೇಕು ಎಂಬುದಕ್ಕೆ ನಿಮ್ಮ ಆಂಕಾಲಜಿಸ್ಟ್ ಹತ್ತಿರವೇ ಹೋಗಿ.

## ಮೊದಲ ಸಲ ಕೇಳುವವರಿಗೆ

ಇಮ್ಯುನೋಥೆರಪಿ ಅಂದ್ರೆ ಕೀಮೋನೇ ಅಲ್ವಾ? ಎರಡಕ್ಕೂ ಡ್ರಿಪ್ಪೇ ಹಾಕ್ತಾರಲ್ಲ?

ಡ್ರಿಪ್ ಒಂದೇ ಥರ ಕಂಡರೂ ಒಳಗೆ ನಡೆಯುವುದು ಬೇರೆ. ಕೀಮೋ ಔಷಧ ವೇಗವಾಗಿ ಒಡೆಯುವ ಕೋಶಗಳನ್ನು ನೇರವಾಗಿ ಕೊಲ್ಲುತ್ತದೆ. ಕೂದಲಿನ ಬುಡದ ಕೋಶಗಳೂ ಹಾಗೇ ಒಡೆಯುವುದರಿಂದ ಕೂದಲೂ ಉದುರುತ್ತದೆ. ಇಮ್ಯುನೋಥೆರಪಿ ಔಷಧ ಗಡ್ಡೆಯನ್ನು ಮುಟ್ಟುವುದೇ ಇಲ್ಲ ಎನ್ನಬಹುದು. ಅದು ನಮ್ಮದೇ ಟಿ-ಕೋಶಗಳ, ಅಂದರೆ ದೇಹದ ರಕ್ಷಣಾ ಪಡೆಯ ಬಿಳಿ ರಕ್ತಕಣಗಳ, ಮೇಲೆ ಬಿದ್ದಿರುವ ಬ್ರೇಕನ್ನು ತೆಗೆಯುತ್ತದೆ.

ಆ ಬ್ರೇಕುಗಳಲ್ಲಿ ಹೆಸರಾದವು ಎರಡು. ಪಿಡಿ-1 ಎಂಬ ಪ್ರೋಟೀನನ್ನು 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ ಗುರುತಿಸಿತು. ಸಿಟಿಎಲ್‌ಎ-4 ಎಂಬ ಇನ್ನೊಂದನ್ನು ತಡೆದರೆ ಇಲಿಗಳ ಗಡ್ಡೆ ಕರಗುತ್ತದೆಂದು 1996ರಲ್ಲಿ ಅಮೆರಿಕದ ಜೇಮ್ಸ್ ಆಲಿಸನ್ ತಂಡ ತೋರಿಸಿತು. ಇಬ್ಬರಿಗೂ 2018ರ ನೊಬೆಲ್ ಬಂತು. ಈ ದಾರಿಯ ಮೊದಲ ಔಷಧ ಇಪಿಲಿಮುಮಾಬ್ ಅಮೆರಿಕದಲ್ಲಿ 2011ರಲ್ಲಿ ಮಂಜೂರಾಯಿತು. ಪೆಂಬ್ರೋಲಿಝುಮಾಬ್ ಮತ್ತು ನಿವೊಲುಮಾಬ್ 2014ರಲ್ಲಿ ಬಂದವು. ಹೆಸರಿನ ಕೊನೆಯಲ್ಲಿ 'ಮಾಬ್' ಇದ್ದರೆ ಅದು ಪ್ರತಿಕಾಯ, ಅಂದರೆ ಆಂಟಿಬಾಡಿ ಎಂದು ತಿಳಿಯಿರಿ.

"ಸಣ್ಣ ಅಣು" ಅಂತೀರಲ್ಲ, ಎಷ್ಟು ಸಣ್ಣದು?

ಆಸ್ಪಿರಿನ್‌ನ ಅಣುತೂಕ 180. ಕಾಫಿಯ ಕೆಫೀನ್ 194. ಪ್ರತಿಕಾಯ ಒಂದರ ತೂಕ ಸುಮಾರು 1,50,000. ನಾವು ಸಾಮಾನ್ಯವಾಗಿ 500ರ ಆಸುಪಾಸಿನಲ್ಲಿ ನಿಲ್ಲಲು ನೋಡುತ್ತೇವೆ. 1997ರಲ್ಲಿ ಕ್ರಿಸ್ಟೋಫರ್ ಲಿಪಿನ್‌ಸ್ಕಿ ಹಾಕಿಕೊಟ್ಟ ಲೆಕ್ಕ ಅದು: 500 ದಾಟಿದರೆ, ಅಥವಾ ಜಿಡ್ಡಿನ ಗುಣ ವಿಪರೀತವಾದರೆ, ನುಂಗಿದ ಅಣು ಕರುಳು ದಾಟಿ ರಕ್ತಕ್ಕೆ ಬರುವುದು ಕಷ್ಟ. ಈ ನಿಯಮ ಮುರಿದು ಗೆದ್ದ ಮಾತ್ರೆಗಳೂ ಇವೆ, ಆದರೆ ಮುರಿಯುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ಪ್ರತಿಕಾಯವನ್ನು ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಹಾಗೆ ಜೀರ್ಣಿಸಿಬಿಡುತ್ತದೆ. ಅದಕ್ಕೇ ಅದು ಸೂಜಿಯಲ್ಲೇ ಹೋಗಬೇಕು.

ಇಂಜೆಕ್ಷನ್ ಕೆಲಸ ಮಾಡ್ತಾ ಇರೋವಾಗ ಮಾತ್ರೆ ಯಾಕೆ ಬೇಕು? ಬರೀ ಅನುಕೂಲಕ್ಕಾ?

ಅನುಕೂಲವೂ ಹೌದು. ಮೂರು ವಾರಕ್ಕೊಮ್ಮೆ ಬೀದರಿನಿಂದಲೋ ಕಾರವಾರದಿಂದಲೋ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಬರುವವರಿಗೆ ಅದು ಸಣ್ಣ ಮಾತಲ್ಲ. ಆದರೆ ನಮ್ಮಂಥವರನ್ನು ಬೆಂಚಿಗೆ ಎಳೆಯುವ ಕಾರಣಗಳು ಬೇರೆ ಎರಡಿವೆ.

ಒಂದು, ಪ್ರತಿಕಾಯ ಕೋಶದ ಹೊರಗೋಡೆಯ ಮೇಲಿರುವುದನ್ನಷ್ಟೇ ಹಿಡಿಯಬಲ್ಲದು. ಟಿ-ಕೋಶವನ್ನು ಸುಮ್ಮನಾಗಿಸುವ ಎಷ್ಟೋ ಕಿಣ್ವಗಳು ಒಳಗಿವೆ. ಒಳಗೆ ಹೋಗಲು ಸಣ್ಣ ಅಣುವೇ ಬೇಕು.

ಇನ್ನೊಂದು, ನಿಲ್ಲಿಸುವುದು. ಬ್ರೇಕ್ ತೆಗೆದ ಟಿ-ಕೋಶ ಕೆಲವೊಮ್ಮೆ ಕರುಳು, ಥೈರಾಯ್ಡ್, ಶ್ವಾಸಕೋಶ, ಅಪರೂಪಕ್ಕೆ ಹೃದಯದ ಮೇಲೂ ತಿರುಗಿ ಬೀಳುತ್ತದೆ. ಪೆಂಬ್ರೋಲಿಝುಮಾಬ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 22 ದಿನ ಬೇಕು. ನಿವೊಲುಮಾಬ್ ಟಿ-ಕೋಶದ ಮೇಲೆ ಎರಡು ತಿಂಗಳಿಗೂ ಹೆಚ್ಚು ಅಂಟಿಕೊಂಡಿರುತ್ತದೆ. ತೊಂದರೆ ಕಂಡ ದಿನ ಔಷಧ ಬಿಟ್ಟರೂ ಔಷಧ ನಿಮ್ಮನ್ನು ಬಿಡುವುದಿಲ್ಲ, ಸ್ಟೆರಾಯ್ಡ್ ಕೊಟ್ಟು ಕಾಯಬೇಕು. ಗಂಟೆಗಳಲ್ಲಿ ಇಳಿಯುವ ಮಾತ್ರೆಯಾದರೆ ಮರುದಿನದಿಂದಲೇ ದೇಹ ಖಾಲಿಯಾಗತೊಡಗುತ್ತದೆ.

ಬೆಲೆಯನ್ನೂ ಹೇಳಲೇಬೇಕು. ಪ್ರತಿಕಾಯವನ್ನು ಜೀವಂತ ಕೋಶಗಳಲ್ಲಿ ಬೆಳೆಸಬೇಕು, ಸಣ್ಣ ಅಣುವನ್ನು ರಿಯಾಕ್ಟರಿನಲ್ಲಿ ಮಾಡಬಹುದು. ಆದರೆ ಬೆಲೆ ಇಳಿಸಲು ಹೊಸ ಅಣುವೇ ಬೇಕೆಂದಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತಲೆ-ಕುತ್ತಿಗೆ ಕ್ಯಾನ್ಸರ್‌ನ 151 ರೋಗಿಗಳಲ್ಲಿ ಮಾಡಿದ ಪ್ರಯೋಗದಲ್ಲಿ ನಿವೊಲುಮಾಬ್ ಪ್ರಮಾಣವನ್ನು ಮೂರು ವಾರಕ್ಕೆ 20 ಮಿಲಿಗ್ರಾಂಗೆ ಇಳಿಸಿದರು. ವಾಡಿಕೆಯ ಪ್ರಮಾಣ ಎರಡು ವಾರಕ್ಕೆ 240. ಜೊತೆಗೆ ಕೊಟ್ಟದ್ದು ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಎಂಬ ಹಳೆಯ ಮಾತ್ರೆಗಳು. ಒಂದು ವರ್ಷ ದಾಟಿ ಬದುಕಿದವರು ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 16.3, ನಿವೊಲುಮಾಬ್ ಸೇರಿಸಿದವರಲ್ಲಿ ಶೇ. 43.4. ನನ್ನ ಮಟ್ಟಿಗೆ ನಮ್ಮ ದೇಶದಿಂದ ಈ ಕ್ಷೇತ್ರಕ್ಕೆ ಬಂದ ಅತ್ಯಂತ ಉಪಯುಕ್ತ ಫಲಿತಾಂಶ ಅದು. ಅದನ್ನು ಮಾಡಿದ್ದು ರಸಾಯನಜ್ಞರಲ್ಲ ಎಂಬುದನ್ನು ಸ್ವಲ್ಪ ಸಂಕೋಚದಿಂದಲೇ ಒಪ್ಪುತ್ತೇನೆ.

ಇಂಥ ಮಾತ್ರೆ ಈಗಾಗ್ಲೇ ಅಂಗಡೀಲಿ ಸಿಗೋದು ಒಂದಾದ್ರೂ ಇದೆಯಾ, ಇಲ್ಲಾ ಎಲ್ಲಾ ಇನ್ನೂ ಲ್ಯಾಬಲ್ಲೇ ಇದೆಯಾ?

ಇವೆ. ಆದರೆ ಇವು ಯಾವುವೂ ಇಮ್ಯುನೋಥೆರಪಿ ಎಂಬ ಹಣೆಪಟ್ಟಿ ಹಚ್ಚಿಕೊಂಡು ಬಂದವಲ್ಲ.

ಇಮಿಕ್ವಿಮಾಡ್ ಎಂಬ ಕ್ರೀಮ್ 1997ರಲ್ಲಿ ಜನನಾಂಗದ ನರುಳ್ಳೆಗೆಂದು ಅಮೆರಿಕದಲ್ಲಿ ಮಂಜೂರಾಯಿತು. 2004ರಲ್ಲಿ ಚರ್ಮದ ಮೇಲ್ಪದರದ ಬೇಸಲ್ ಸೆಲ್ ಕ್ಯಾನ್ಸರ್‌ಗೂ ಒಪ್ಪಿಗೆ ಸಿಕ್ಕಿತು. ತಮಾಷೆ ಏನೆಂದರೆ, ಅದು ಟಿಎಲ್‌ಆರ್7 ಎಂಬ ಎಚ್ಚರಿಕೆ ಗಂಟೆಯನ್ನು ಬಾರಿಸುತ್ತದೆ ಎಂದು ಗೊತ್ತಾದದ್ದು 2002ರಲ್ಲಿ. ಐದು ವರ್ಷ ಜನ ಅದನ್ನು ಹಚ್ಚಿಕೊಳ್ಳುತ್ತಿದ್ದರು, ಎಲ್ಲಿ ಹೋಗಿ ಕೂರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಲೆನಾಲಿಡೊಮೈಡ್, ಮಲ್ಟಿಪಲ್ ಮೈಲೋಮಾ ಎಂಬ ರಕ್ತ ಕ್ಯಾನ್ಸರ್ ಇರುವವರ ಮನೆಯಲ್ಲಿ ಪರಿಚಿತ ಹೆಸರು. ಭಾರತದ ಹಲವು ಕಂಪನಿಗಳು ಇದರ ಜೆನೆರಿಕ್ ಮಾಡುತ್ತವೆ. ಇದರ ಅಣ್ಣನೇ ಥಾಲಿಡೊಮೈಡ್, 1950ರ ದಶಕದ ಕೊನೆಯಲ್ಲಿ ಗರ್ಭಿಣಿಯರು ನುಂಗಿ, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಲು ಕಾರಣವಾದ ಔಷಧ. ಈ ಅಣು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟುತ್ತದೆ ಎಂದು 2010ರಲ್ಲಿ ಜಪಾನಿನಲ್ಲಿ ತಿಳಿಯಿತು. ಅಂಟಿದ ಮೇಲೆ ಇಕಾರೋಸ್, ಐಯೋಲೋಸ್ ಎಂಬ ಎರಡು ಪ್ರೋಟೀನುಗಳನ್ನು ಕೋಶದ ಕಸದ ಬುಟ್ಟಿಗೆ ತಳ್ಳಿಸುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ಇವೆರಡು ಹೋದರೆ ಮೈಲೋಮಾ ಕೋಶ ಸಾಯುತ್ತದೆ, ಅದೇ ಹೊತ್ತಿಗೆ ಟಿ-ಕೋಶ ತನ್ನ ಪಡೆಯನ್ನು ಬೆಳೆಸುವ ಇಂಟರ್‌ಲ್ಯೂಕಿನ್-2 ಎಂಬ ಸಂಕೇತ ಪ್ರೋಟೀನ್ ಸುರಿಸುತ್ತದೆ. ಒಂದೇ ಮಾತ್ರೆಯಲ್ಲಿ ಎರಡೂ. ಯಾರೂ ಹಾಗೆಂದು ಲೆಕ್ಕ ಹಾಕಿ ಮಾಡಿದ್ದಲ್ಲ.

ಅರಿಶಿನ, ಅಮೃತಬಳ್ಳಿಯಲ್ಲಿರೋದೂ ಸಣ್ಣ ಅಣುಗಳೇ ತಾನೆ? ಇಮ್ಯುನಿಟಿ ಹೆಚ್ಚಿಸುತ್ತಲ್ಲ?

ಶಿರಸಿಯ ನಮ್ಮ ಅತ್ತೆ ಪ್ರತಿ ಸಲ ಕೇಳುವುದು ಇದನ್ನೇ, ಹಿತ್ತಲಿನ ಬಳ್ಳಿ ತೋರಿಸಿಯೇ ಕೇಳುತ್ತಾರೆ. ಹೌದು ಅತ್ತೆ, ಅವೂ ಸಣ್ಣ ಅಣುಗಳೇ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅರಿಶಿನದ ಕರ್ಕ್ಯುಮಿನ್ ಲ್ಯಾಬಿನ ಪರೀಕ್ಷೆಗಳಲ್ಲಿ ಕುಖ್ಯಾತ: ತಾನೇ ಹೊಳೆಯುತ್ತದೆ, ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ, ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಹೀಗಾಗಿ ಯಾವ ಪ್ರೋಟೀನ್ ಇಟ್ಟರೂ 'ಕೆಲಸ ಮಾಡಿತು' ಎಂಬ ಸುಳ್ಳು ಸಂಕೇತ ಕೊಡುತ್ತದೆ. ಜೊತೆಗೆ ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸಾರಿಗೆ ಹಾಕಿ, ತೊಂದರೆಯಿಲ್ಲ.

ಅಮೃತಬಳ್ಳಿ ವಿಚಾರ ಸ್ವಲ್ಪ ಗಂಭೀರ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಆರು ಜನರಿಗೆ ಲಿವರ್ ಪೆಟ್ಟು ತಿಂದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಟೋಇಮ್ಯೂನ್ ಲಕ್ಷಣಗಳು ಅದರಲ್ಲಿದ್ದವು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ತಕರಾರು ಏನೇ ಇರಲಿ, ಇಮ್ಯುನೋಥೆರಪಿ ಪಡೆಯುತ್ತಿರುವವರ ಟಿ-ಕೋಶಗಳು ಮೊದಲೇ ಬ್ರೇಕಿಲ್ಲದೆ ಓಡುತ್ತಿರುತ್ತವೆ. ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ, ಅಷ್ಟೇ ನಾನು ಕೇಳಿಕೊಳ್ಳುವುದು.

## ಸ್ವಲ್ಪ ಒಳಗಿಳಿದವರಿಗೆ

ಪಿಡಿ-1ಗೆ ಪ್ರತಿಕಾಯ ಇಷ್ಟೊಂದು ಇವೆ, ಮಾತ್ರೆ ಮಾತ್ರ ಯಾಕೆ ಆಗ್ತಿಲ್ಲ?

ಕಿಣ್ವಕ್ಕೆ ಒಂದು ಗುಳಿ ಇರುತ್ತದೆ. ಅದರೊಳಗೆ ಕೂರುವಂಥ ಅಣು ಮಾಡುವುದು ನಮಗೆ ಗೊತ್ತಿರುವ ಕಸುಬು. ಟಿ-ಕೋಶದ ಮೇಲಿನ ಪಿಡಿ-1 ಮತ್ತು ಆ ಬ್ರೇಕನ್ನು ಒತ್ತಲು ಗಡ್ಡೆಯ ಕೋಶ ಚಾಚುವ ಪಿಡಿ-ಎಲ್1 ಕಿಣ್ವಗಳಲ್ಲ, ಒಂದಕ್ಕೊಂದು ಅಂಗೈ ಒತ್ತಿ ನಿಲ್ಲುವ ಎರಡು ಪ್ರೋಟೀನುಗಳು. ಒತ್ತಿಕೊಳ್ಳುವ ಜಾಗ ಎರಡು ಸಾವಿರ ಚದರ ಆಂಗ್‌ಸ್ಟ್ರಾಂ ಹತ್ತಿರ, ಅದೂ ಚಪ್ಪಟೆ. ಅಲ್ಲಿ 400 ತೂಕದ ಅಣು ಕೂರಿಸುವುದೆಂದರೆ ಚಪ್ಪಡಿ ಕಲ್ಲಿನ ಮೇಲೆ ಸಾಸಿವೆ ಕಾಳು ನಿಲ್ಲಿಸಿದ ಹಾಗೆ.

ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯ 2015ರ ಪೇಟೆಂಟುಗಳಲ್ಲಿ ಹಠಾತ್ತನೆ ಒಂದು ಸರಣಿ ಕಾಣಿಸಿತು. ನಡುವೆ ಎರಡು ಬೆಂಝೀನ್ ಉಂಗುರ ಜೋಡಿಸಿದ ಬೈಫಿನೈಲ್, ಬಾಲದಲ್ಲಿ ನೀರಿಗೊಗ್ಗುವ ತುಂಡು. ಪರೀಕ್ಷೆಯಲ್ಲಿ ಪಿಡಿ-1 ಪಿಡಿ-ಎಲ್1 ಜೋಡಿಯನ್ನು ಬಿಡಿಸುತ್ತಿತ್ತು. ಹೇಗೆ ಎಂದು ಪೇಟೆಂಟ್ ಹೇಳಿರಲಿಲ್ಲ. ಮರುವರ್ಷ ಪೋಲೆಂಡಿನ ಕ್ರಾಕೋವ್‌ನಲ್ಲಿ, ಯಾಗೆಲೋನಿಯನ್ ವಿಶ್ವವಿದ್ಯಾಲಯದ ತಡೆಯುಶ್ ಹೋಲಾಕ್ ತಂಡ ಹರಳು ಬೆಳೆಸಿ ನೋಡಿತು. ಯಾರೂ ಊಹಿಸದ ಚಿತ್ರ ಬಂತು. ಅಣು ಒಂದು ಪಿಡಿ-ಎಲ್1 ಮೇಲೆ ಕೂತಿರಲೇ ಇಲ್ಲ. ಎರಡು ಪಿಡಿ-ಎಲ್1ಗಳನ್ನು ಹತ್ತಿರ ಎಳೆದು, ಅವುಗಳ ನಡುವೆ ತಾನೇ ಒಂದು ಸುರಂಗ ಮಾಡಿಕೊಂಡು ಅದರಲ್ಲಿ ಮಲಗಿತ್ತು. ಪಿಡಿ-1ಗೆ ಕೈ ಕೊಡಬೇಕಾದ ಎರಡು ಅಂಗೈಗಳು ಒಂದಕ್ಕೊಂದು ಮುಗಿದುಕೊಂಡಿದ್ದವು.

ಇಲ್ಲದ ಗುಳಿಯನ್ನು ಅಣುವೇ ಸೃಷ್ಟಿಸಿಕೊಂಡ ಈ ಉದಾಹರಣೆಯನ್ನು ನಾನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ, ಪ್ರತಿ ವರ್ಷ ನನಗೇ ಖುಷಿಯಾಗುತ್ತದೆ. ಇದೇ ತತ್ತ್ವದ ಇನ್‌ಸೈಟ್ ಕಂಪನಿಯ ಐಎನ್‌ಸಿಬಿ086550 ಎಂಬ ಅಣು, ಜೋಡಿಯಾದ ಪಿಡಿ-ಎಲ್1 ಅನ್ನು ಕೋಶದೊಳಕ್ಕೇ ಎಳೆಸಿಕೊಳ್ಳುತ್ತದೆ ಎಂದೂ, ಕೆಲವು ರೋಗಿಗಳಲ್ಲಿ ಗಡ್ಡೆ ಕುಗ್ಗಿತೆಂದೂ 2022ರಲ್ಲಿ ಪ್ರಕಟವಾಯಿತು. ಆದರೂ ಸೂಜಿಯ ಜಾಗಕ್ಕೆ ಬರುವಷ್ಟು ದೂರ ಯಾವ ಮಾತ್ರೆಯೂ ಬಂದಿಲ್ಲ. ಪ್ರತಿಕಾಯ ಅಷ್ಟು ಬಿಗಿಯಾಗಿ, ಅಷ್ಟು ದಿನ ಹಿಡಿಯುತ್ತದೆ. ಅದರ ಪಕ್ಕದಲ್ಲಿ ನಿಂತು ಮಾತ್ರೆ ತನ್ನನ್ನು ಸಾಬೀತು ಮಾಡಬೇಕು.

ಬೆಂಗಳೂರಲ್ಲೇ ಇಂಥದ್ದೊಂದು ಮಾತ್ರೆ ಮಾಡಿದ್ರಂತೆ, ನಿಜಾನಾ?

ನಿಜ. ಹೆಸರು ಸಿಎ-170. ಬೆಂಗಳೂರಿನ ಆರಿಜೀನ್ ಸಂಸ್ಥೆಯ ಕೂಸು, ಜೊತೆಗಾರ ಅಮೆರಿಕದ ಕ್ಯೂರಿಸ್ ಕಂಪನಿ. ಇಬ್ಬರ ಒಪ್ಪಂದ 2015ರಲ್ಲಿ, ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗ 2016ರಲ್ಲಿ. ಅವರ ದಾರಿ ಬೇರೆಯದೇ ಆಗಿತ್ತು: ಪಿಡಿ-1 ಪ್ರೋಟೀನಿನದೇ ಒಂದು ಚೂರನ್ನು ತೆಗೆದುಕೊಂಡು, ಪೆಪ್ಟೈಡಾಗಿ ಕಿರಿದು ಮಾಡಿ, ಕೊನೆಗೆ ನುಂಗಬಹುದಾದ ಸಣ್ಣ ಅಣುವಿಗೆ ಇಳಿಸಿದರು. ಪಿಡಿ-ಎಲ್1 ಜೊತೆಗೆ ವಿಸ್ಟಾ ಎಂಬ ಇನ್ನೊಂದು ಬ್ರೇಕನ್ನೂ ಅದು ತಡೆಯುತ್ತದೆಂಬುದು ವಾದ.

2019ರಲ್ಲಿ ಅದೇ ಕ್ರಾಕೋವ್ ತಂಡ, ತಮ್ಮ ಪ್ರಯೋಗಗಳಲ್ಲಿ ಸಿಎ-170 ಪಿಡಿ-ಎಲ್1ಗೆ ಅಂಟುವುದೇ ಕಾಣುತ್ತಿಲ್ಲ ಎಂದು ಬರೆಯಿತು. 2021ರಲ್ಲಿ ಆರಿಜೀನ್ ತಂಡದ ಉತ್ತರ ಬಂತು: ಇದು ಜೋಡಿಯನ್ನು ಬಿಡಿಸುವ ಅಣುವಲ್ಲ, ಜೋಡಿಯ ಜೊತೆ ಮೂರನೆಯದಾಗಿ ಸೇರಿ ಆ ಕೂಟವನ್ನೇ ಕೆಡಿಸುತ್ತದೆ, ಹಾಗಾಗಿ ಬಿಡಿಸುವುದನ್ನು ಅಳೆಯುವ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನನ್ನ ಅನಿಸಿಕೆ ಕೇಳಿದರೆ, ಇಬ್ಬರ ಮಾತೂ ತಮ್ಮ ತಮ್ಮ ಪರೀಕ್ಷೆಯೊಳಗೆ ಸರಿಯಿರಬಹುದು. ಆದರೆ ಅಣು ಎಲ್ಲಿ ಕೂರುತ್ತದೆಂಬ ಚಿತ್ರ ಸ್ಪಷ್ಟವಿಲ್ಲದಿದ್ದರೆ ಮುಂದಿನ ಅಣುವನ್ನು ಚಂದ ಮಾಡುವುದು ಹೇಗೆ? ರಸಾಯನಜ್ಞೆಯಾಗಿ ನನ್ನ ತೊಡಕು ಅಲ್ಲಿ.

ಎಪಕಾಡೋಸ್ಟಾಟ್ ಅಂತ ಒಂದು ಬಂದಿತ್ತು, ಅಷ್ಟು ಸದ್ದು ಮಾಡಿ ಹೇಗೆ ಬಿದ್ದುಹೋಯ್ತು?

ಈ ಕಥೆ ಶುರುವಾಗುವುದು ಕ್ಯಾನ್ಸರ್‌ನಲ್ಲಲ್ಲ, ಬಸಿರಿನಲ್ಲಿ. ಮಗುವಿನ ಅರ್ಧ ಗುಣ ತಂದೆಯದು, ಅಂದರೆ ತಾಯಿಯ ದೇಹಕ್ಕೆ ಪರಕೀಯ. ಆದರೂ ತಾಯಿಯ ಟಿ-ಕೋಶ ಅದನ್ನು ಯಾಕೆ ಹೊರಹಾಕುವುದಿಲ್ಲ? 1998ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಡೇವಿಡ್ ಮನ್, ಆಂಡ್ರ್ಯೂ ಮೆಲ್ಲರ್ ತಂಡ ಗಬ್ಬದ ಇಲಿಗಳಲ್ಲಿ ಐಡಿಒ ಎಂಬ ಕಿಣ್ವವನ್ನು ತಡೆದು ನೋಡಿತು. ಪರಕೀಯ ಭ್ರೂಣಗಳು ಉಳಿಯಲಿಲ್ಲ. ಐಡಿಒ ಮಾಡುವುದು ಇಷ್ಟು: ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಕೈನುರೆನಿನ್ ಆಗಿ ಒಡೆಯುತ್ತದೆ. ಟಿ-ಕೋಶಕ್ಕೆ ಒಂದು ಕಡೆ ಊಟ ಕಡಿಮೆ, ಇನ್ನೊಂದು ಕಡೆ ಕೈನುರೆನಿನ್‌ನ ಮಂಪರು. ಗಡ್ಡೆಗಳೂ ಈ ಉಪಾಯ ಕಲಿತಿವೆ.

ರಸಾಯನಜ್ಞರಿಗೆ ಇದು ಹಬ್ಬ. ಕಿಣ್ವ, ಅದರಲ್ಲೊಂದು ಗುಳಿ, ಗುಳಿಯಲ್ಲಿ ಹೀಮ್‌ನ ಕಬ್ಬಿಣ. ಎಪಕಾಡೋಸ್ಟಾಟ್ ಅಲ್ಲಿ ಅಚ್ಚುಕಟ್ಟಾಗಿ ಕೂತಿತು. ಪೆಂಬ್ರೋಲಿಝುಮಾಬ್ ಜೊತೆ ಕೊಟ್ಟ ಆರಂಭಿಕ ಪ್ರಯೋಗದಲ್ಲಿ 62 ರೋಗಿಗಳ ಪೈಕಿ ಶೇ. 40ರಷ್ಟು ಮಂದಿಯಲ್ಲಿ ಗಡ್ಡೆ ಕುಗ್ಗಿತು. ಎಲ್ಲರೂ ಕುಣಿದರು. ಹೋಲಿಸಲು ಇನ್ನೊಂದು ಗುಂಪು ಆ ಪ್ರಯೋಗದಲ್ಲಿ ಇರಲಿಲ್ಲ ಎಂಬುದನ್ನು ಸದ್ದಿನಲ್ಲಿ ಮರೆತರು. ಮುಂದೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನ 706 ರೋಗಿಗಳ ಮೂರನೇ ಹಂತ. 2018ರ ಏಪ್ರಿಲ್‌ನಲ್ಲಿ ಫಲಿತಾಂಶ: ಕಾಯಿಲೆ ಮತ್ತೆ ಮುಂದುವರಿಯುವವರೆಗಿನ ಮಧ್ಯಮ ಅವಧಿ ಎಪಕಾಡೋಸ್ಟಾಟ್ ಸೇರಿದವರಲ್ಲಿ 4.7 ತಿಂಗಳು, ಸೇರದವರಲ್ಲಿ 4.9. ಅಂದರೆ ಮಾತ್ರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಉಳಿದ ಕಂಪನಿಗಳೂ ತಮ್ಮ ಐಡಿಒ ಪ್ರಯೋಗಗಳಿಗೆ ಬೀಗ ಹಾಕತೊಡಗಿದವು. ಆ ವಾರ ನಮ್ಮ ಲ್ಯಾಬಿನ ಕ್ಯಾಂಟೀನಿನಲ್ಲೂ ಮಾತೇ ಇರಲಿಲ್ಲ.

ಯಾಕೆ ಬಿತ್ತು? ದಿನಕ್ಕೆರಡು ಸಲ 100 ಮಿಲಿಗ್ರಾಂ ಸಾಕಿತ್ತೇ ಎಂಬ ತಕರಾರು ಇಂದಿಗೂ ಮುಗಿದಿಲ್ಲ. ಟಿಡಿಒ ಎಂಬ ದಾಯಾದಿ ಕಿಣ್ವವೂ ಅದೇ ಕೆಲಸ ಮಾಡುತ್ತದೆ, ಅದನ್ನು ಈ ಅಣು ಮುಟ್ಟುವುದಿಲ್ಲ. ಐಡಿಒ ಕಿಣ್ವದ ಕೆಲಸವಲ್ಲದೆ ಸಂಕೇತ ಸಾಗಿಸುವ ಕೆಲಸವನ್ನೂ ಮಾಡುತ್ತದೆ, ಗುಳಿ ಮುಚ್ಚಿದರೆ ಅದು ನಿಲ್ಲಬೇಕೆಂದಿಲ್ಲ. ಗಡ್ಡೆಯಲ್ಲಿ ಐಡಿಒ ಇದೆಯೋ ಇಲ್ಲವೋ ನೋಡಿ ರೋಗಿಗಳನ್ನು ಆರಿಸಿರಲೂ ಇಲ್ಲ. ಇಷ್ಟರಲ್ಲಿ ಯಾವುದೂ ಅಣುವಿನ ವಿನ್ಯಾಸದ ತಪ್ಪಲ್ಲ, ಅದೇ ನನಗೆ ಹೆಚ್ಚು ನೋಯುವ ಸಂಗತಿ. ಬೀಗದ ಕೈ ಸರಿಯಾಗಿಯೇ ತಿರುಗಿತು. ಆ ಬಾಗಿಲಿನಾಚೆ ಮನುಷ್ಯರ ಗಡ್ಡೆಯಲ್ಲಿ ನಾವು ಹುಡುಕುತ್ತಿದ್ದ ಕೋಣೆ ಇರಲಿಲ್ಲ.

ಇಲಿಗೆ ವಾಸಿ ಆಗಿದ್ದು ಮನುಷ್ಯರಿಗೆ ಯಾಕಾಗಲ್ಲ?

ಹಲವು ಕಾರಣಗಳಿವೆ. ಆದರೆ ಇಷ್ಟು ಖಚಿತವಾಗಿ ಬೆರಳಿಟ್ಟು ತೋರಿಸಬಹುದಾದ ಉದಾಹರಣೆ ಒಂದೇ: ಡಿಎಂಎಕ್ಸ್‌ಎಎ. ನ್ಯೂಝಿಲೆಂಡಿನ ಆಕ್ಲೆಂಡ್‌ನಲ್ಲಿ ಹುಟ್ಟಿದ ಅಣು. ಇಲಿಗಳ ಗಡ್ಡೆಗೆ ಹೋಗುವ ರಕ್ತನಾಳಗಳೇ ಕುಸಿಯುತ್ತಿದ್ದವು, ಗಡ್ಡೆ ಒಳಗಿಂದ ಸಾಯುತ್ತಿತ್ತು. ಶ್ವಾಸಕೋಶದ ಕ್ಯಾನ್ಸರ್ ಇದ್ದ 1,299 ರೋಗಿಗಳ ಮೂರನೇ ಹಂತದ ಪ್ರಯೋಗ ನಡೆಯಿತು. ಕೀಮೋ ಜೊತೆ ಇದನ್ನು ಸೇರಿಸಿ ಏನೂ ಲಾಭವಾಗಲಿಲ್ಲ.

ಕಾರಣ ತಿಳಿದದ್ದು ಆಮೇಲೆ, 2013ರ ಹೊತ್ತಿಗೆ. ಅಣು ಹೋಗಿ ಕೂರುತ್ತಿದ್ದದ್ದು ಸ್ಟಿಂಗ್ ಎಂಬ ಎಚ್ಚರಿಕೆ ಪ್ರೋಟೀನಿನಲ್ಲಿ. ಇಲಿಯ ಸ್ಟಿಂಗ್‌ಗೆ ಒಗ್ಗುತ್ತಿತ್ತು, ಮನುಷ್ಯನದಕ್ಕೆ ಇಲ್ಲ. ಮನುಷ್ಯನ ಸ್ಟಿಂಗ್‌ನಲ್ಲಿ ಒಂದೆರಡು ಅಮೈನೋ ಆಮ್ಲ ಬದಲಾಯಿಸಿದರೆ ಅದೂ ಒಗ್ಗಿಕೊಳ್ಳುತ್ತದೆ ಎಂದು ಪ್ರಯೋಗದಲ್ಲಿ ತೋರಿಸಿದರು. ಅಷ್ಟೇ ವ್ಯತ್ಯಾಸ. ಪ್ರಯೋಗಕ್ಕೆ ರೋಗಿಗಳನ್ನು ಸೇರಿಸಿಕೊಂಡಾಗ ಟಾರ್ಗೆಟ್ ಯಾವುದೆಂದೇ ಗೊತ್ತಿರಲಿಲ್ಲ. ಈಗ ಸ್ಟಿಂಗ್ ಮೇಲೆ ಕೆಲಸ ಮಾಡುವ ಯಾವ ತಂಡವಾದರೂ ಮೊದಲ ದಿನವೇ ಮನುಷ್ಯರ ಪ್ರೋಟೀನನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ.

ಕಾಫಿ ಕುಡಿದ್ರೆ ಗಡ್ಡೆ ವಿರುದ್ಧ ಇಮ್ಯುನಿಟಿ ಬರುತ್ತೆ ಅಂತ ಯಾರೋ ಹೇಳಿದ್ರು. ಸುಳ್ಳಲ್ವಾ?

ಫಲಿತಾಂಶ ಸುಳ್ಳು, ಎಳೆ ನಿಜ. ಗಡ್ಡೆಯೊಳಗೆ ಸಾಯುವ ಕೋಶಗಳಿಂದ ಎಟಿಪಿ ಎಂಬ ಇಂಧನ ಅಣು ಸುರಿಯುತ್ತದೆ. ಸಿಡಿ39, ಸಿಡಿ73 ಎಂಬ ಎರಡು ಕಿಣ್ವಗಳು ಸರದಿಯಲ್ಲಿ ಅದನ್ನು ಕತ್ತರಿಸಿ ಅಡೆನೊಸಿನ್ ಮಾಡುತ್ತವೆ. ಅಡೆನೊಸಿನ್ ಟಿ-ಕೋಶದ ಎ2ಎ ರಿಸೆಪ್ಟರ್ ಹಿಡಿದು 'ಮಲಗು' ಎನ್ನುತ್ತದೆ. ಮೆದುಳಿನಲ್ಲೂ ಅದೇ ರಿಸೆಪ್ಟರ್, ಕೆಫೀನ್ ಅದನ್ನು ತಡೆಯುವುದರಿಂದಲೇ ಚಿಕ್ಕಮಗಳೂರಿನ ಫಿಲ್ಟರ್ ಕಾಫಿ ನಮ್ಮನ್ನು ಎಬ್ಬಿಸುವುದು. ಆದರೆ ಲೋಟದ ಕಾಫಿಯ ಹಿಡಿತ ಗಡ್ಡೆಯ ಅಡೆನೊಸಿನ್ ಎದುರು ಏನೇನೂ ಅಲ್ಲ.

ಮೊದಲಿಗೆ ಇಲ್ಲಿಗೆ ತಂದ ಎ2ಎ ಅಣುಗಳಲ್ಲಿ ಕೆಲವು ಪಾರ್ಕಿನ್ಸನ್ ಕಾಯಿಲೆಗೆಂದು ಮಾಡಿಟ್ಟವು. ಅಲ್ಲೊಂದು ಎಡವಟ್ಟು. ಮೆದುಳಿಗೆ ಹೋಗಬೇಕೆಂದು ಅವುಗಳನ್ನು ಜಿಡ್ಡಾಗಿ ಮಾಡಿದ್ದರು, ಗಡ್ಡೆಗೆ ಆ ಗುಣ ಬೇಡ. ಗಡ್ಡೆಯಲ್ಲಿ ಅಡೆನೊಸಿನ್ ವಿಪರೀತವಾಗಿರುವುದರಿಂದ, ಅದರ ಜೊತೆ ಜಾಗಕ್ಕೆ ಪೈಪೋಟಿ ಮಾಡುವ ಹಳೆಯ ಅಣು ಸೋಲುತ್ತದೆ. ಹಾಗಾಗಿ ಪೂರೈಕೆಯನ್ನೇ ಕಡಿಯೋಣವೆಂದು ಸಿಡಿ73 ತಡೆಯುವ ಕ್ವೆಮ್ಲಿಕ್ಲುಸ್ಟಾಟ್‌ನಂಥ ಅಣುಗಳು ಬಂದವು.

## ಬೆಂಚಿನ ಮುಂದೆ ಕೂತವರಿಗೆ

ಮೇಡಂ, ಐಸಿ50 ನ್ಯಾನೊಮೋಲಾರ್ ಬಂದಿದೆ, ಕೋಶದಲ್ಲಿ ಹಾಕಿದ್ರೆ ಏನೂ ಇಲ್ಲ. ಎಲ್ಲಿ ತಪ್ಪಿದೆ?

ಕೈಗೆ ಬಂದ ತುತ್ತು ಬಾಯಿಗೆ ಬಾರದ ಈ ನೋವು ಎಲ್ಲರಿಗೂ ಆಗಿದೆ. (ಐಸಿ50 ಅಂದರೆ ಅರ್ಧದಷ್ಟು ತಡೆಯಲು ಬೇಕಾದ ಅಣುವಿನ ಸಾಂದ್ರತೆ, ಕಡಿಮೆಯಾದಷ್ಟೂ ಒಳ್ಳೆಯದು. ಮೈಕ್ರೊಮೋಲಾರ್ ಎಂದರೆ ನ್ಯಾನೊಮೋಲಾರ್‌ನ ಸಾವಿರ ಪಟ್ಟು.) ಮೇಲೆ ಹೇಳಿದ ಸರಣಿಯ ಬಿಎಂಎಸ್-202 ಶುದ್ಧ ಪ್ರೋಟೀನಿನ ಪರೀಕ್ಷೆಯಲ್ಲಿ 18 ನ್ಯಾನೊಮೋಲಾರ್ ತೋರಿಸುತ್ತದೆ, ಕೋಶಗಳಲ್ಲಿ ಪರಿಣಾಮ ಕಾಣಲು ಮೈಕ್ರೊಮೋಲಾರ್ ಮಟ್ಟಕ್ಕೆ ಏರಬೇಕು. ಅಷ್ಟು ಹಾಕಿದಾಗ ಕೋಶಕ್ಕೇ ವಿಷವಾಗುತ್ತದೆಯೋ ನೋಡಬೇಕು. ಟಿ-ಕೋಶ ಚುರುಕಾಗಿದೆಯೇ ಎಂದು ನೋಡಲು ಅದು ಸುರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಅಳೆಯುತ್ತೇವೆ. ಕೋಶ ಸತ್ತರೂ ಅದು ಇಳಿಯುತ್ತದೆ, ಅದನ್ನು 'ಅಣು ಕೆಲಸ ಮಾಡಲಿಲ್ಲ' ಎಂದು ಓದಿಬಿಡುತ್ತೇವೆ.

ಮೊದಲು ಸೀರಂ ಸೇರಿಸಿದ ಮಾಧ್ಯಮದಲ್ಲಿ ಎಷ್ಟು ಅಣು ಅಲ್ಬುಮಿನ್‌ಗೆ ಅಂಟಿ ಕಳೆದುಹೋಗುತ್ತಿದೆ ಅಳೆಯಿರಿ. ಆಮೇಲೆ ಕರಗುವಿಕೆ. ಬೈಫಿನೈಲ್ ಅಣುಗಳು ಪರೀಕ್ಷೆಯ ತಟ್ಟೆಯ ಗುಂಡಿಗಳ ತಳದಲ್ಲಿ ಪುಡಿಯಾಗಿ ಕೂತು ಎಷ್ಟು ಜನರ ಪಿಎಚ್‌ಡಿ ತಿಂದಿವೆಯೋ. ಟಿ-ಕೋಶ ಪರೀಕ್ಷೆಗಳಲ್ಲಿ ರಕ್ತ ಕೊಟ್ಟವರಿಂದ ಕೊಟ್ಟವರಿಗೆ ಉತ್ತರ ಬದಲಾಗುತ್ತದೆ. ಒಬ್ಬರ ರಕ್ತದ ಒಂದು ಗ್ರಾಫ್ ಹಿಡಿದು ನನ್ನ ಹತ್ತಿರ ಬರಬೇಡಿ, ಕನಿಷ್ಠ ಮೂವರದು ತನ್ನಿ.

ಎಚ್‌ಪಿಕೆ1 ಕೈನೇಸ್ ಅಲ್ವಾ, ಕೈನೇಸ್ ತಡೆಯೋ ಅಣು ಮಾಡೋದು ಈಗ ಸುಲಭ ಅಂತಾರಲ್ಲ?

ತಡೆಯುವುದು ಸುಲಭ. ಅದೊಂದನ್ನೇ ತಡೆಯುವುದು ಕಷ್ಟ. ಕೈನೇಸ್ ಅಂದರೆ ಬೇರೆ ಪ್ರೋಟೀನಿಗೆ ಫಾಸ್ಫೇಟ್ ಹಚ್ಚುವ ಕಿಣ್ವ. ಎಚ್‌ಪಿಕೆ1 ಟಿ-ಕೋಶದೊಳಗಿನ ಬ್ರೇಕ್: ಎಸ್‌ಎಲ್‌ಪಿ-76 ಎಂಬ ಕೊಂಡಿಗೆ 376ನೇ ಸೆರಿನ್‌ನಲ್ಲಿ ಫಾಸ್ಫೇಟ್ ಹಚ್ಚುತ್ತದೆ, ಆ ಗುರುತು ಬಿದ್ದ ಕೊಂಡಿ ನಾಶವಾಗುತ್ತದೆ, ಸಂಕೇತ ಅಲ್ಲಿಗೆ ನಿಲ್ಲುತ್ತದೆ. ಸರಿ, ಅದನ್ನು ತಡೆಯೋಣ. ಆದರೆ ಅದೇ ಕೋಶದಲ್ಲಿ ಎಲ್‌ಸಿಕೆ, ಝ್ಯಾಪ್-70 ಎಂಬ ಕೈನೇಸ್‌ಗಳು ಸಂಕೇತವನ್ನು ಶುರುಮಾಡುವವು. ಎಚ್‌ಪಿಕೆ1ನ ಹತ್ತಿರದ ಬಂಧು ಜಿಎಲ್‌ಕೆ ಕೂಡ ವೇಗ ಹೆಚ್ಚಿಸುವ ಪಕ್ಷದ್ದು. ಎಲ್ಲರ ಎಟಿಪಿ ಗುಳಿಯೂ ಒಂದೇ ಅಚ್ಚಿನದು. ಅಣು ಸ್ವಲ್ಪ ಸಡಿಲವಾದರೆ ಬ್ರೇಕ್ ಜೊತೆ ಎಂಜಿನ್ನೂ ಆಫ್. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಎಲ್‌ಸಿಕೆ ತಡೆದರೆ ಏನಾಗುತ್ತದೆಂದು ತಿಳಿಯಲು ಡಸಾಟಿನಿಬ್ ನೋಡಿ. ರಕ್ತ ಕ್ಯಾನ್ಸರ್‌ನ ಈ ಮಾತ್ರೆ ಟಿ-ಕೋಶವನ್ನು ಎಷ್ಟು ಚೆನ್ನಾಗಿ ಮಲಗಿಸುತ್ತದೆಂದರೆ, ಕಾರ್-ಟಿ ಕೋಶಗಳು (ಲ್ಯಾಬಿನಲ್ಲಿ ತಿದ್ದಿ ರೋಗಿಗೆ ಕೊಡುವ ಟಿ-ಕೋಶಗಳು) ಮಿತಿಮೀರಿದರೆ ತಾತ್ಕಾಲಿಕವಾಗಿ ನಿಲ್ಲಿಸಲು ಅದನ್ನೇ ಬಳಸಬಹುದೆಂದು ಪ್ರಯೋಗಗಳಾಗಿವೆ. ಆದ್ದರಿಂದ ಈ ಯೋಜನೆಗಳಲ್ಲಿ ಸೆಲೆಕ್ಟಿವಿಟಿ ಪ್ಯಾನೆಲ್, ಅಂದರೆ ಅಣು ಬೇರೆ ಯಾವ ಕೈನೇಸ್‌ಗಳನ್ನು ತಡೆಯುತ್ತದೆಂಬ ಪರೀಕ್ಷೆ, ಕೊನೆಯ ಸಂಸ್ಕಾರವಲ್ಲ, ಮೊದಲ ವಾರದ ಕೆಲಸ.

ಪಿಟಿಪಿಎನ್2 ಥರದ ಫಾಸ್ಫಟೇಸ್ ತಡೆಯೋಕೆ ಆಗೋದೇ ಇಲ್ಲ ಅಂತ ಪುಸ್ತಕದಲ್ಲಿದೆ.

ಪುಸ್ತಕ ಹಳೆಯದಿರಬೇಕು. ಫಾಸ್ಫಟೇಸ್ ಅಂದರೆ ಫಾಸ್ಫೇಟ್ ಕೀಳುವ ಕಿಣ್ವ, ಪಿಟಿಪಿಎನ್2 ಕೂಡ ಟಿ-ಕೋಶದೊಳಗಿನ ಒಂದು ಬ್ರೇಕ್. ಗುಳಿ ಧನ ವಿದ್ಯುದಂಶದ್ದು, ಅದಕ್ಕೆ ಒಪ್ಪುವ ಅಣು ಋಣ. ಋಣ ಅಣು ಕೋಶದ ಪೊರೆ ದಾಟುವುದಿಲ್ಲ. ಹೀಗೆ ಮೂವತ್ತು ವರ್ಷ ಎಲ್ಲರೂ ಕೈಚೆಲ್ಲಿದ್ದರು. 2023ರಲ್ಲಿ ಪ್ರಕಟವಾದ ಎಬಿಬಿವಿ-ಸಿಎಲ್‌ಎಸ್-484 ಪಿಟಿಪಿಎನ್2 ಮತ್ತು ಪಿಟಿಪಿಎನ್1 ಎರಡರ ಸಕ್ರಿಯ ಗುಳಿಯಲ್ಲೇ ಕೂರುತ್ತದೆ, ಬಾಯಿಂದಲೂ ಕೊಡಬಹುದು. ಇಲಿಗಳಲ್ಲಿ ಟಿ-ಕೋಶ ಚುರುಕಾದದ್ದಲ್ಲದೆ ಗಡ್ಡೆಯೂ ಇಂಟರ್‌ಫೆರಾನ್‌ಗೆ ಹೆಚ್ಚು ಸೂಕ್ಷ್ಮವಾಯಿತು. ಆ ಅಣುವಿನ ರಚನೆ ಬರೆದುಕೊಂಡು ಒಂದು ಸಂಜೆ ಸುಮ್ಮನೆ ನೋಡುತ್ತ ಕೂರಿ.

ಎಂಎಸ್ಸಿ ಪ್ರಾಜೆಕ್ಟಿಗೆ ಪಿಡಿ-ಎಲ್1 ಮೇಲೆ ಡಾಕಿಂಗ್ ಮಾಡಿದೀನಿ, ಮೈನಸ್ 10 ಸ್ಕೋರ್ ಬಂದಿದೆ. ಪೇಪರ್ ಆಗುತ್ತಾ?

ಡಾಕಿಂಗ್ ಅಂದರೆ ಅಣುವನ್ನು ಕಂಪ್ಯೂಟರಿನಲ್ಲಿ ಪ್ರೋಟೀನಿನ ಮೇಲೆ ಕೂರಿಸಿ ಹಿಡಿತಕ್ಕೆ ಅಂಕ ಕೊಡುವುದು, ಮೈನಸ್ ಹೆಚ್ಚಿದಷ್ಟೂ ಹಿಡಿತ ಬಿಗಿ ಎಂಬ ಅಂದಾಜು. ಯಾವ ರಚನೆ ತಗೊಂಡೆ? ಹತ್ತರಲ್ಲಿ ಎಂಟು ಮಕ್ಕಳು ಪ್ರೋಟೀನ್ ರಚನೆಗಳ ಭಂಡಾರದಿಂದ 4ಝಡ್‌ಕ್ಯೂಕೆ ಸಂಖ್ಯೆಯದನ್ನು ಇಳಿಸಿಕೊಳ್ಳುತ್ತಾರೆ. ಅದು ಪಿಡಿ-1 ಜೊತೆಗಿರುವ ಪಿಡಿ-ಎಲ್1. ಪಿಡಿ-1 ಅಳಿಸಿ, ಉಳಿದ ಚಪ್ಪಟೆ ಮುಖದ ಮೇಲೆ ಹಿತ್ತಲಿನ ಗಿಡಗಳ ಅಣುಗಳನ್ನೆಲ್ಲ ಡಾಕ್ ಮಾಡುತ್ತಾರೆ. ಅಲ್ಲಿ ಗುಳಿಯೇ ಇಲ್ಲ ಕಂದಾ. ಬೈಫಿನೈಲ್ ಥರದ ಅಣುವಿಗೆ 5ಜೆ89 ಬೇಕು, ಬಿಎಂಎಸ್-202 ಕೂತಿರುವ ಜೋಡಿ. ಅದರಲ್ಲೂ ಒಂದೇ ಸರಪಳಿ ಉಳಿಸಿಕೊಂಡರೆ ಸುರಂಗದ ಅರ್ಧ ಗೋಡೆ ಬಿದ್ದುಹೋಗುತ್ತದೆ. ಎರಡೂ ಇರಲಿ.

ಮೊದಲು ಅಲ್ಲಿರುವ ಅಣುವನ್ನೇ ತೆಗೆದು ಮತ್ತೆ ಡಾಕ್ ಮಾಡು. ಮೂಲ ಜಾಗದಿಂದ 2 ಆಂಗ್‌ಸ್ಟ್ರಾಂ ಒಳಗೆ ಬಂದು ಕೂತರೆ ಮುಂದುವರಿ. ಟೈರೋಸಿನ್ 56 ಜೊತೆ ಉಂಗುರ ಒರಗುತ್ತಿದೆಯಾ ನೋಡು. ಕೆಲಸ ಮಾಡದ ಅಣುಗಳನ್ನೂ ಬೆರೆಸಿ ಹಾಕು, ಅವಕ್ಕೂ ಮೈನಸ್ 10 ಬಂದರೆ ನಿನ್ನ ಸ್ಕೋರಿಗೆ ಬೆಲೆಯಿಲ್ಲ. ಜಿಡ್ಡಿನ ಸುರಂಗದಲ್ಲಿ ದೊಡ್ಡ ಜಿಡ್ಡಿನ ಅಣುವಿಗೆ ಯಾವಾಗಲೂ ಒಳ್ಳೆಯ ಅಂಕ ಸಿಗುತ್ತದೆ, ಪರೀಕ್ಷೆಯಲ್ಲಿ ಪುಟ ತುಂಬಿಸಿದವರಿಗೆ ಸಿಕ್ಕ ಹಾಗೆ. ಇಷ್ಟು ಮಾಡಿ ಉಳಿದ ಎರಡು ಅಣು ತಗೊಂಡು ಯಾವುದಾದರೂ ಬಯೋಕೆಮಿಸ್ಟ್ರಿ ವಿಭಾಗದ ಬಾಗಿಲು ತಟ್ಟು.

ಸ್ಟಿಂಗ್ ಇಡೀ ದೇಹದಲ್ಲಿದೆ. ಮಾತ್ರೆ ನುಂಗಿ ಗಡ್ಡೆಯಲ್ಲಿ ಮಾತ್ರ ಅದನ್ನ ಎಬ್ಬಿಸೋಕೆ ಸಾಧ್ಯಾನಾ?

ಒಳ್ಳೆಯ ಪ್ರಶ್ನೆ, ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. ಸ್ಟಿಂಗ್‌ನ ಸಹಜ ಅಣು ಎರಡು ಫಾಸ್ಫೇಟ್ ಹೊತ್ತ ಉಂಗುರ, ಪೊರೆ ದಾಟದು. ಅದರ ಮಾದರಿಯಲ್ಲಿ ಮಾಡಿದ ಮೊದಲ ಔಷಧಗಳನ್ನು ಗಡ್ಡೆಗೇ ಸೂಜಿ ಚುಚ್ಚಿ ಹಾಕಬೇಕಿತ್ತು. 2018ರಲ್ಲಿ ಜಿಎಸ್‌ಕೆ ಎಂಬ ಔಷಧ ಕಂಪನಿಯ ತಂಡ ಒಂದು ಚಂದದ ಹೆಜ್ಜೆ ಇಟ್ಟಿತು: ಸ್ಟಿಂಗ್ ತಾನೇ ಜೋಡಿ ಪ್ರೋಟೀನ್, ಎರಡು ಪಾಲಿನಲ್ಲೂ ಅಮಿಡೊಬೆಂಝಿಮಿಡಝೋಲ್ ಎಂಬ ಸಣ್ಣ ಅಣು ಒಂದೊಂದು ಕೂರುತ್ತದೆ, ಹಾಗಾದರೆ ಆ ಎರಡನ್ನು ದಾರ ಕಟ್ಟಿ ಒಂದು ಮಾಡೋಣ. ಹಿಡಿತ ಬಹಳ ಪಟ್ಟು ಹೆಚ್ಚಿತು, ರಕ್ತನಾಳಕ್ಕೆ ಕೊಡಬಹುದಾಯಿತು.

2020ರಲ್ಲಿ ಮರ್ಕ್ ತಂಡದ ಎಂಎಸ್‌ಎ-2 ಬಂತು. ಇದರಲ್ಲಿ ದಾರವೂ ಇಲ್ಲ. ಒಂಟಿ ಅಣು ಸ್ಟಿಂಗ್‌ನಲ್ಲಿ ಕೂರುವುದಿಲ್ಲ, ದ್ರಾವಣದಲ್ಲಿ ಎರಡು ತಾವಾಗಿ ಜೊತೆಯಾದಾಗ ಮಾತ್ರ ಕೂರುತ್ತವೆ. ಅದಕ್ಕೊಂದು ಆಮ್ಲದ ಬಾಲವಿದೆ. ಗಡ್ಡೆಯ ಸುತ್ತ ಹುಳಿ ಜಾಸ್ತಿ, ಅಲ್ಲಿ ಆ ಬಾಲ ವಿದ್ಯುದಂಶ ಕಳೆದುಕೊಂಡು ಪೊರೆ ದಾಟುತ್ತದೆ, ಒಳಗೆ ಹೋದಮೇಲೆ ಮತ್ತೆ ಋಣವಾಗಿ ಸಿಕ್ಕಿಬೀಳುತ್ತದೆ. ಇಲಿಗೆ ಬಾಯಿಂದ ಕೊಟ್ಟರೂ ಕೆಲಸ ನಡೆದದ್ದು ಹೆಚ್ಚಾಗಿ ಗಡ್ಡೆಯಲ್ಲೇ.

ಇನ್ನು ಪ್ರಮಾಣ. ಸ್ಟಿಂಗ್ ಬೇಕಾದದ್ದು ಗಡ್ಡೆಯಲ್ಲಿ ಕಾವಲಿರುವ ಡೆಂಡ್ರಿಟಿಕ್ ಕೋಶಗಳಲ್ಲಿ. ಅದೇ ಸ್ಟಿಂಗ್ ಟಿ-ಕೋಶದೊಳಗೆ ಜೋರಾಗಿ ಎದ್ದರೆ ಟಿ-ಕೋಶ ತಾನೇ ಸಾಯುತ್ತದೆ. ಹೆಚ್ಚು ಕೊಟ್ಟಷ್ಟೂ ಹೆಚ್ಚು ಗುಣ ಎಂದು ಡೋಸ್ ಏರಿಸುತ್ತ ಹೋದರೆ, ಗ್ರಾಫಿನ ಗೆರೆ ಗುಡ್ಡ ಹತ್ತಿ ಆಚೆ ಇಳಿಯುತ್ತದೆ. ಇಂಥ ಅಣುವಿಗೆ ಸಹಿಸಬಹುದಾದ ಗರಿಷ್ಠ ಪ್ರಮಾಣ ಹುಡುಕುವ ಕೀಮೋ ಕಾಲದ ಮೊದಲ ಹಂತದ ಪ್ರಯೋಗ ಹೊಂದುವುದಿಲ್ಲ. ಎಷ್ಟು ಕಡಿಮೆ ಕೊಟ್ಟರೆ, ಎಷ್ಟು ದಿನ ಬಿಟ್ಟು ಕೊಟ್ಟರೆ ಸಾಕು ಎಂಬುದನ್ನು ಅಣುವಿನ ಅರ್ಧಾಯುಷ್ಯ ಆರಿಸುವ ಹಂತದಲ್ಲೇ ರಸಾಯನಜ್ಞರೂ ವೈದ್ಯರೂ ಒಂದೇ ಮೇಜಿಗೆ ಕೂತು ಬರೆದುಕೊಳ್ಳಬೇಕು.